ಕುರ್ಚಿಯೇರಿದ ಕೋಲುಗಳು

ಕೆಲಸ ಮುಗಿದ ಮೇಲೆ ಉಪಕರಣವನ್ನು ಏನು ಮಾಡಬೇಕೆಂಬ ಪ್ರಶ್ನೆ ಮನುಷ್ಯನಿಗೆ ಹೊಸದೇನೂ ಅಲ್ಲ. ಮಳೆ ನಿಂತ ಮೇಲೆ ಕೊಡೆ, ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆ, ಮನೆ ತಲುಪಿದ ಮೇಲೆ ತಾತನ ಕೈಗೋಲು, ಇವೆಲ್ಲವೂ ದುಡಿಯುವ ವೇಳೆಯಲ್ಲಿ ಎಷ್ಟು ವಿಧೇಯವೋ ಬಿಡುವಿನ ವೇಳೆಯಲ್ಲಿ ಅಷ್ಟೇ ಉಪದ್ರವಕಾರಿಗಳು. ಬಸ್ಸಿನಲ್ಲಿ ನಿಂತವನ ಕಂಕುಳಲ್ಲಿರುವ ಒದ್ದೆ ಕೊಡೆ ಯಾರ ಪಂಚೆಯ ಮೇಲೆ ನೀರಿಳಿಸುತ್ತಿದೆ, ಯಾರ ಪಕ್ಕೆಯನ್ನು ತಿವಿಯುತ್ತಿದೆ ಎಂಬುದನ್ನು ಆ ಕೊಡೆಯ ಒಡೆಯನೊಬ್ಬನನ್ನು ಬಿಟ್ಟು ಉಳಿದವರೆಲ್ಲರೂ ಚೆನ್ನಾಗಿ ಬಲ್ಲರು. ಆದರೂ ಬಸ್ಸು ನೆಲದ ಮೇಲೆ ಓಡುವ ವಾಹನ. ಕೊಡೆ ಕೈಜಾರಿದರೆ ಬಗ್ಗಿ ಎತ್ತಿಕೊಳ್ಳಬಹುದು. ಅದೇ ಮನುಷ್ಯನ ಕಾಲಿಗೆ ಎರಡು ನೀಳವಾದ ಹಲಗೆಗಳನ್ನು ಬಿಗಿದು, ಕೈಗೆ ದಪ್ಪನೆಯ ಗವಸು ತೊಡಿಸಿ, ಒಂದು ಕೊಡೆಯ ಬದಲು ಎರಡು ಚೂಪುಗೋಲುಗಳನ್ನು ಕೊಟ್ಟು, ಮೂವತ್ತು ಅಡಿ ಎತ್ತರದಲ್ಲಿ ಉಕ್ಕಿನ ಹಗ್ಗದಿಂದ ತೂಗುವ ಕುರ್ಚಿಯೊಂದರಲ್ಲಿ ಅಪರಿಚಿತರ ಪಕ್ಕದಲ್ಲಿ ಕೂರಿಸಿದರೆ ಅವನ ಅವಸ್ಥೆ ಏನಾದೀತು?

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ಪ್ರತಿದಿನವೂ ಲಕ್ಷಾಂತರ ಮಂದಿ ಈ ಅವಸ್ಥೆಯನ್ನು ದುಡ್ಡು ಕೊಟ್ಟು ಅನುಭವಿಸುತ್ತಾರೆ. ಸ್ಕೀ ಎಂಬ ಆಟದ ಚಿತ್ರಗಳನ್ನು ನಮ್ಮವರು ಪತ್ರಿಕೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಧಾರಾಳವಾಗಿ ನೋಡಿದ್ದಾರೆ. ಆ ಚಿತ್ರಗಳಲ್ಲಿ ಆಟಗಾರನು ಸದಾ ಇಳಿಯುತ್ತಲೇ ಇರುತ್ತಾನೆ. ಹಿಂದೆ ಬಿಳಿಯ ಧೂಳು, ಮುಂದೆ ನೀಲಿಯ ಆಕಾಶ. ಅಷ್ಟು ಎತ್ತರಕ್ಕೆ ಅವನು ಹೋದದ್ದು ಹೇಗೆಂಬುದನ್ನು ಯಾವ ಚಿತ್ರಗಾರನೂ ತೋರಿಸುವ ಗೋಜಿಗೆ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಸ್ಕೀ ಆಟದ ಒಂದು ದಿನದಲ್ಲಿ ಇಳಿಯುವ ಕಾಲಕ್ಕಿಂತ ಏರುವ ಕಾಲವೇ ಹೆಚ್ಚು. ಬೆಟ್ಟದ ಬುಡದಲ್ಲಿ ಸರತಿಯ ಸಾಲು, ಅನಂತರ ಏಳೆಂಟು ನಿಮಿಷ ಕುರ್ಚಿಯ ಮೇಲೆ ಕೂತು ಏರುವುದು, ಮತ್ತೆ ಮೂರು ನಾಲ್ಕು ನಿಮಿಷಗಳಲ್ಲಿ ಜಾರಿ ಕೆಳಗೆ ಬಂದುಬಿಡುವುದು. ಹೀಗಾಗಿ ಸ್ಕೀ ಎಂಬುದು ಬಹುಪಾಲು ಕೂತು ಆಡುವ ಆಟವೆಂದರೆ ತೀರ ಸುಳ್ಳಾಗಲಾರದು.

ಕೋಲುಗಳಿಗೆ ಕೆಲಸವಿರುವುದು ಆ ಮೂರು ನಾಲ್ಕು ನಿಮಿಷಗಳಲ್ಲಿ ಮಾತ್ರ. ಆಟಗಾರನು ನಿಂತಾಗ ಅವನ ಮೊಣಕೈಯ ಮಟ್ಟಕ್ಕೆ ಬರುವಷ್ಟು ಉದ್ದದ ಹಗುರವಾದ ಜೋಡಿ ಅದು. ಮೇಲೆ ಹಿಡಿ, ಹಿಡಿಗೆ ಸೇರಿದಂತೆ ಮಣಿಕಟ್ಟನ್ನು ತೂರಿಸುವ ಪಟ್ಟಿಯ ಕುಣಿಕೆ, ಕೆಳಗೆ ಮೊನೆ, ಮೊನೆಗೆ ಸ್ವಲ್ಪ ಮೇಲೆ ದುಂಡನೆಯ ಬಿಲ್ಲೆ. ಆ ಬಿಲ್ಲೆಯನ್ನು ಅವರು ಬುಟ್ಟಿಯೆಂದು ಕರೆಯುತ್ತಾರೆ; ಅದಿಲ್ಲದಿದ್ದರೆ ಕೋಲು ಮೆತ್ತನೆಯ ಹಿಮದೊಳಕ್ಕೆ ಹಿಡಿಯ ತನಕ ಇಳಿದುಹೋಗುತ್ತದೆ. ಸಮತಟ್ಟಿನಲ್ಲಿ ನೆಲವನ್ನು ಒತ್ತಿ ಮುಂದೆ ಸಾಗುವುದಕ್ಕೆ, ಇಳಿಜಾರಿನಲ್ಲಿ ತಿರುಗುವ ಘಳಿಗೆಯನ್ನು ಗುರುತಿಸುವುದಕ್ಕೆ ಈ ಕೋಲುಗಳು ಬೇಕು. ಮೃದಂಗದ ಮುಂದೆ ಕುಳಿತವನಿಗೆ ತಾಳ ಹೇಗೋ ಸ್ಕೀಗಾರನಿಗೆ ಕೋಲಿನ ಊರುವಿಕೆ ಹಾಗೆ.

ಹಿಂದೆ ಒಂದೇ ಕೋಲಿತ್ತು. ಆಸ್ಟ್ರಿಯಾದ ಲಿಲಿಯನ್‌ಫೆಲ್ಡಿನಲ್ಲಿದ್ದ ಮಥಿಯಾಸ್ ಜ್ಡಾರ್ಸ್ಕಿ ಎಂಬ ಗುರು 1890ರ ದಶಕದಲ್ಲಿ ತನ್ನ ಶಿಷ್ಯರಿಗೆ ಒಂದೇ ನೀಳವಾದ ದೊಣ್ಣೆಯನ್ನು ಹಿಡಿಸಿ ಜಾರುವುದನ್ನು ಕಲಿಸಿದ. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ಎರಡು ಕೋಲುಗಳ ಪದ್ಧತಿ ಗೆದ್ದಿತು. ಬಹುಕಾಲ ಅವು ಬಿದಿರಿನವೇ ಆಗಿದ್ದವು. ಅನಂತರ ಉಕ್ಕು ಬಂತು. 1958ರಲ್ಲಿ ಅಮೆರಿಕದ ಐಡಹೋ ಸೀಮೆಯ ಎಡ್ ಸ್ಕಾಟ್ ಎಂಬಾತ ಕೆಳಗೆ ಸಣ್ಣಗಾಗುತ್ತ ಹೋಗುವ ಅಲ್ಯೂಮಿನಿಯಂ ಕೋಲನ್ನು ಮಾಡಿದ ಮೇಲೆ ಹಳೆಯ ಭಾರವೆಲ್ಲ ಇಳಿದುಹೋಯಿತು. ಜ್ಡಾರ್ಸ್ಕಿಯ ಕಾಲಕ್ಕೆ ಚೇರ್‌ಲಿಫ್ಟ್ ಇರಲಿಲ್ಲವೆಂಬುದು ಸಮಾಧಾನದ ಸಂಗತಿ. ಆ ದೊಣ್ಣೆಯನ್ನು ಹಿಡಿದು ನಾಲ್ವರು ಒಂದೇ ಕುರ್ಚಿಯಲ್ಲಿ ಕುಳಿತಿದ್ದರೆ ಅದು ಪ್ರಯಾಣವಾಗುತ್ತಿರಲಿಲ್ಲ, ದೊಣ್ಣೆವರಸೆಯಾಗುತ್ತಿತ್ತು.

ಚೇರ್‌ಲಿಫ್ಟಿನ ಜನ್ಮವೃತ್ತಾಂತವೂ ಸ್ವಾರಸ್ಯವಾದುದೇ. 1936ರಲ್ಲಿ ಯೂನಿಯನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯವರು ಅದೇ ಐಡಹೋ ರಾಜ್ಯದಲ್ಲಿ ಸನ್ ವ್ಯಾಲಿ ಎಂಬ ವಿಹಾರಧಾಮವನ್ನು ಕಟ್ಟುತ್ತಿದ್ದರು. ಚಳಿಗಾಲದಲ್ಲಿಯೂ ತಮ್ಮ ರೈಲಿಗೆ ಜನ ಹತ್ತಬೇಕೆಂಬುದು ಕಂಪನಿಯ ಅಧ್ಯಕ್ಷ ಆವೆರಲ್ ಹ್ಯಾರಿಮನ್‌ನ ಲೆಕ್ಕಾಚಾರ. ಬಂದ ಜನರನ್ನು ಬೆಟ್ಟದ ತುದಿಗೆ ಸಾಗಿಸುವ ಉಪಾಯವನ್ನು ಹುಡುಕುವ ಭಾರ ಇಂಜಿನಿಯರುಗಳ ಮೇಲೆ ಬಿತ್ತು. ಅವರಲ್ಲಿ ಜೇಮ್ಸ್ ಕರನ್ ಎಂಬಾತ ಹಿಂದೆ ಬಾಳೆಗೊನೆಗಳನ್ನು ಹಡಗಿಗೆ ಏರಿಸುವ ಯಂತ್ರದ ಕೆಲಸವನ್ನು ಬಲ್ಲವನು. ಸುತ್ತುವ ಹಗ್ಗ, ಹಗ್ಗಕ್ಕೆ ಕೊಕ್ಕೆ, ಕೊಕ್ಕೆಗೆ ಗೊನೆ. ಕೊಕ್ಕೆಯ ಬದಲು ಕುರ್ಚಿಯನ್ನು, ಗೊನೆಯ ಬದಲು ಮನುಷ್ಯನನ್ನು ಇಟ್ಟರೆ ಆಗದೆ? ಹಿಮದ ಹನಿಯೂ ಇಲ್ಲದ ಓಮಾಹಾ ನಗರದಲ್ಲಿ, ಲಾರಿಯೊಂದರ ಪಕ್ಕಕ್ಕೆ ಕುರ್ಚಿಯನ್ನು ಕಟ್ಟಿ, ಗಾಲಿಯ ಜೋಡು ತೊಟ್ಟು ನಿಂತವನನ್ನು ಆ ಕುರ್ಚಿಯಿಂದ ಹಿಂದಿನಿಂದ ಎತ್ತಿಸಿ, ಮನುಷ್ಯನ ಮೊಣಕಾಲು ಎಷ್ಟು ವೇಗವನ್ನು ತಾಳುತ್ತದೆಂದು ಪರೀಕ್ಷಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಸನ್ ವ್ಯಾಲಿ ಬಾಗಿಲು ತೆರೆದಾಗ ಜಗತ್ತಿನ ಮೊದಲ ಚೇರ್‌ಲಿಫ್ಟುಗಳು ಅಲ್ಲಿ ತಿರುಗುತ್ತಿದ್ದವು.

ಒಂದು ವಿಷಯ ಮಾತ್ರ ಬಾಳೆಗೊನೆಯ ಯಂತ್ರದಿಂದ ಕಲಿಯಲು ಸಾಧ್ಯವಿರಲಿಲ್ಲ. ಗೊನೆಗೆ ಚಿಪ್ಪುಗಳುಂಟು, ಕೈಗಳಿಲ್ಲ. ಅದು ಕೋಲು ಹಿಡಿಯುವುದಿಲ್ಲ, ಪಕ್ಕದ ಗೊನೆಯನ್ನು ತಿವಿಯುವುದಿಲ್ಲ, ಇಳಿಯುವ ಜಾಗ ಬಂದಾಗ ಗಾಬರಿಯಾಗುವುದಿಲ್ಲ. ಯಂತ್ರವನ್ನು ಕಂಪನಿ ಕಟ್ಟಿಕೊಟ್ಟಿತು. ಕೈಗಳ ಮತ್ತು ಕೋಲುಗಳ ಶಿಸ್ತನ್ನು ಕುರ್ಚಿಯಲ್ಲಿ ಕುಳಿತವರು ತಾವೇ ಕಂಡುಕೊಳ್ಳಬೇಕಾಯಿತು.

ಆ ಶಿಸ್ತು ಆರಂಭವಾಗುವುದು ಸರತಿಯ ಸಾಲಿನಲ್ಲಿಯೇ. ಅನುಭವಸ್ಥನು ತನ್ನ ಸರದಿಗೆ ಇನ್ನೂ ನಾಲ್ಕು ಕುರ್ಚಿ ಇರುವಾಗಲೇ ಮಣಿಕಟ್ಟಿನಿಂದ ಪಟ್ಟಿಗಳನ್ನು ಬಿಡಿಸಿಕೊಳ್ಳುತ್ತಾನೆ. ಹೀಗೆ ಮಾಡಬೇಕೆಂದು ಫಲಕಗಳಲ್ಲಿ ಬರೆದೂ ಇರುತ್ತದೆ. ಬಿಡಿಸಿಕೊಂಡ ಎರಡು ಕೋಲುಗಳನ್ನೂ ಒಂದೇ ಕೈಗೆ ತೆಗೆದುಕೊಂಡು, ಮೊನೆ ಮುಂದಕ್ಕಿರುವಂತೆ ಹಿಡಿದು, ಮುಂದಿನ ಕುರ್ಚಿ ಹೋದೊಡನೆ ಗೆರೆಯ ತನಕ ಜಾರಿ ನಿಂತು, ಭುಜದ ಮೇಲಿಂದ ಹಿಂದಿರುಗಿ ನೋಡುತ್ತಾನೆ. ಬರಿದಾದ ಇನ್ನೊಂದು ಕೈ ಬರುವ ಕುರ್ಚಿಗಾಗಿ ಚಾಚಿರುತ್ತದೆ. ಹಗ್ಗಕ್ಕೆ ಬಿಗಿಯಾಗಿ ಕಚ್ಚಿಕೊಂಡ ಹಳೆಯ ಮಾದರಿಯ ಕುರ್ಚಿಗಳು ಸೆಕೆಂಡಿಗೆ ಸುಮಾರು 2.5 ಮೀಟರಿನಷ್ಟು ವೇಗದಲ್ಲಿ ಬರುತ್ತವೆ. ಅವುಗಳಿಗೆ ಮೀನಖಂಡಗಳ ಮೇಲೆ ದಾಕ್ಷಿಣ್ಯವಿಲ್ಲ. 1981ರಲ್ಲಿ ಕೊಲರಾಡೋದ ಬ್ರೆಕನ್‌ರಿಜ್‌ನಲ್ಲಿ ಶುರುವಾದ ಹೊಸ ಮಾದರಿಯ ನಾಲ್ವರ ಕುರ್ಚಿಗಳು ನಿಲ್ದಾಣದೊಳಗೆ ಹಗ್ಗದ ಹಿಡಿತವನ್ನು ಬಿಟ್ಟು ನಿಧಾನವಾಗಿ ಬಂದು, ಜನ ಕುಳಿತ ಮೇಲೆ ಮತ್ತೆ ಹಗ್ಗವನ್ನು ಕಚ್ಚಿ ಇಮ್ಮಡಿ ವೇಗದಲ್ಲಿ ಓಡತೊಡಗುತ್ತವೆ. ಇವು ಎಷ್ಟು ಸೌಮ್ಯವೆಂದರೆ, ಇವುಗಳಲ್ಲಿಯೇ ಬೆಳೆದ ಹೊಸ ತಲೆಮಾರಿನವರು ಹಿಂದಿರುಗಿ ನೋಡುವ ಅಭ್ಯಾಸವನ್ನೇ ಬಿಟ್ಟಿದ್ದಾರೆ. ಯಾವುದೋ ಸಣ್ಣ ಬೆಟ್ಟದ ಹಳೆಯ ಕುರ್ಚಿಗೆ ಬಂದಾಗ ಅವರ ಮೊಣಕಾಲಿಗೆ ಚರಿತ್ರೆಯ ಪಾಠವಾಗುತ್ತದೆ.

ಯಾವ ಕೈಗೆ ಕೋಲು ಎಂಬುದರಲ್ಲಿಯೂ ಒಂದು ಸೂಕ್ಷ್ಮವುಂಟು. ಇಬ್ಬರು ಕೂರುವ ಹಳೆಯ ಕುರ್ಚಿಗಳಲ್ಲಿ ಕೆಲವಕ್ಕೆ ನಡುವೆ ಒಂದು ಕಂಬವಿರುತ್ತದೆ. ಅಲ್ಲಿ ಕೋಲು ಹೊರಗಿನ ಕೈಗೆ, ಕಂಬ ಒಳಗಿನ ಕೈಗೆ. ಕಂಬವು ಪಕ್ಕಗಳಲ್ಲಿರುವ ಕುರ್ಚಿಗಳಲ್ಲಿ ಇದು ತಿರುಗುಮುರುಗು. ಹೊರಗಿನ ಕೈ ಕುರ್ಚಿಯ ಅಂಚನ್ನು ಹಿಡಿಯಬೇಕಾದುದರಿಂದ ಕೋಲುಗಳು ಒಳಗಿನ ಕೈಗೆ, ಎಂದರೆ ಜೊತೆಯವನ ಪಕ್ಕೆಯ ಕಡೆಗೆ ಬರುತ್ತವೆ. ಊಟಕ್ಕೆ ಕುಳಿತಾಗ ಎಡಗೈಯ ಅಭ್ಯಾಸದವನ ಬಲಗೈಯ ಅಭ್ಯಾಸದವನೂ ಮೊಣಕೈಯಲ್ಲಿ ಸಂಧಿಸುವ ಹಾಗೆ ಇಲ್ಲಿ ಅಪರಿಚಿತರು ಕೋಲುಗಳಲ್ಲಿ ಸಂಧಿಸುತ್ತಾರೆ. ಪ್ರಥಮ ಪರಿಚಯದ ಮಾತು ಬಹುಮಟ್ಟಿಗೆ ‘ಕ್ಷಮಿಸಿ’ ಎಂದೇ ಇರುತ್ತದೆ.

ಈ ಇಕ್ಕಟ್ಟೇ ಬೇಡವೆನ್ನುವವರಿಗೆ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮ್ಯಾಡ್ ರಿವರ್ ಗ್ಲೆನ್ ಎಂಬ ಬೆಟ್ಟವಿದೆ. ಅಲ್ಲಿ 1948ರಲ್ಲಿ ಕಟ್ಟಿದ, ಒಬ್ಬೊಬ್ಬರೇ ಕೂರುವ ಒಂಟಿಕುರ್ಚಿಯ ಲಿಫ್ಟ್ ಇಂದಿಗೂ ನಡೆಯುತ್ತಿದೆ. ಆ ಬೆಟ್ಟವು ಸ್ಕೀ ಆಡುವವರದೇ ಸಹಕಾರ ಸಂಘದ ಸ್ವತ್ತು. ಲಿಫ್ಟ್ ಹಳೆಯದಾದಾಗ ದೊಡ್ಡ ಕುರ್ಚಿಗಳನ್ನು ತರದೆ, 2007ರಲ್ಲಿ ಅದೇ ಒಂಟಿಕುರ್ಚಿಗೆ ಜೀರ್ಣೋದ್ಧಾರ ಮಾಡಿಸಿದರು. ಅಲ್ಲಿ ಏರುವವನು ತನ್ನ ಕೋಲುಗಳೊಡನೆ ಏಕಾಂತದಲ್ಲಿರುತ್ತಾನೆ. ತಿವಿಯುವುದಕ್ಕೂ ಯಾರೂ ಇಲ್ಲ, ತಿವಿಸಿಕೊಳ್ಳುವುದಕ್ಕೂ ಯಾರೂ ಇಲ್ಲ. ಸುಖವೇ ಸರಿ. ಆದರೆ ಕೈಗವಸು ಬಿದ್ದರೆ ‘ಅಯ್ಯೋ’ ಎನ್ನುವವರೂ ಇಲ್ಲ.

ಕುಳಿತ ಮೇಲೆ ನೋಡಬೇಕು, ಜನರ ವೈವಿಧ್ಯವನ್ನು! ಕೆಲವರು ಕೋಲುಗಳನ್ನು ತೊಡೆಯ ಕೆಳಕ್ಕೆ ತೂರಿಸಿ ಅವುಗಳ ಮೇಲೆಯೇ ಭದ್ರವಾಗಿ ಕೂತುಬಿಡುತ್ತಾರೆ. ಇವರು ವ್ಯವಹಾರಸ್ಥರು. ಎರಡು ಕೈಗಳೂ ಬಿಡುವಾಗುತ್ತವೆ; ಮೂಗೊರಸಿಕೊಳ್ಳಬಹುದು, ಕನ್ನಡಕದ ಮಂಜು ತೆಗೆಯಬಹುದು, ಜೇಬಿನಲ್ಲಿರುವ ಚಾಕೊಲೇಟನ್ನು ಮುರಿದು ಪಕ್ಕದವರಿಗೂ ಕೊಡಬಹುದು. ಇಳಿಯುವ ವೇಳೆಗೆ ಕೋಲುಗಳ ನೆನಪು ಇದ್ದರೆ ಇದಕ್ಕಿಂತ ಉತ್ತಮವಾದ ಕ್ರಮವಿಲ್ಲ. ನೆನಪಿಲ್ಲದೆ ಎದ್ದವರ ಕೋಲುಗಳು ಅವರಿಗಿಂತ ಮೊದಲೇ ಇಳಿಯುತ್ತವೆ.

ಇನ್ನು ಕೆಲವರು ಕೋಲುಗಳನ್ನು ಮಡಿಲ ಮೇಲೆ ಅಡ್ಡಲಾಗಿ ಇಟ್ಟುಕೊಳ್ಳುತ್ತಾರೆ, ಸುಂಕದ ಕಟ್ಟೆಯ ಅಡ್ಡಗಳುವಿನ ಹಾಗೆ. ಅತ್ತ ಹಿಡಿ, ಇತ್ತ ಮೊನೆ. ನಡುವೆ ತಮ್ಮ ಸುಖಾಸನ. ಮಾತಿನ ಭರದಲ್ಲಿ ಇವರು ಒಮ್ಮೆ ಹೊರಳಿದರೆ ನಾಲ್ವರ ಕುರ್ಚಿಯಲ್ಲಿ ಇಬ್ಬರಿಗೆ ಎಚ್ಚರವಾಗುತ್ತದೆ. ತೀರ ಸಭ್ಯರಾದವರು ಕೋಲುಗಳನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಮೊನೆಯನ್ನು ತಮ್ಮ ಬೂಟಿನ ಮೇಲೆಯೇ ಊರಿ, ಹಿಡಿಗಳ ಮೇಲೆ ಎರಡು ಕೈಗಳನ್ನೂ ಇಟ್ಟು, ತಂಬೂರಿ ಹಿಡಿದ ದಾಸರಂತೆ ಕೂರುತ್ತಾರೆ. ಇವರಿಂದ ಯಾರಿಗೂ ತೊಂದರೆಯಿಲ್ಲ, ಹಾಡಿದರೂ ತೊಂದರೆಯಾಗಲಾರದು.

ಮತ್ತೊಂದು ಪಂಗಡದವರು ಕುರ್ಚಿ ಹತ್ತಿದ ತುಸು ಹೊತ್ತಿನಲ್ಲಿಯೇ ಕೋಲಿನಿಂದ ತಮ್ಮ ಹಲಗೆಗಳನ್ನು ಬಡಿಯಲಾರಂಭಿಸುತ್ತಾರೆ. ಹಲಗೆಯ ಮೇಲೆ ಕೂತ ಹಿಮವನ್ನು ಉದುರಿಸುವುದು ಇದರ ಉದ್ದೇಶ. ಕೆಲಸವಿಲ್ಲದ ಕೈಗೆ ಒಂದು ಕೆಲಸವೆಂಬುದೂ ಸತ್ಯ. ಉದುರಿದ ಹಿಮಕ್ಕೆ ಒಂದು ಗತಿ ಬೇಕಲ್ಲ. ಕೆಳಗೆ ಜಾರುತ್ತಿರುವವರ ತಲೆ ಇದ್ದೇ ಇದೆ. ನಮ್ಮಲ್ಲಿ ಮಹಡಿಯ ಮೇಲಿನಿಂದ ನೀರು ಎರಚುವವರಿಗೂ ಇವರಿಗೂ ದೂರದ ನಂಟಿರಬಹುದು. ಈಚಿನ ವರ್ಷಗಳಲ್ಲಿ ಇವರೆಲ್ಲರನ್ನೂ ಮೀರಿಸುವ ಒಂದು ವರ್ಗ ಹುಟ್ಟಿದೆ. ಕೋಲುಗಳನ್ನು ಕಂಕುಳಿಗೆ ಸಿಕ್ಕಿಸಿ, ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಕೊರೆಯುವ ಗಾಳಿಯಲ್ಲಿ ಬೆರಳನ್ನು ಮರಗಟ್ಟಿಸಿಕೊಳ್ಳುತ್ತ ಮೊಬೈಲ್ ಫೋನನ್ನು ಒತ್ತುವವರು ಇವರು. ಲಿಫ್ಟಿನ ದಾರಿಯಲ್ಲಿ ಬೀಳುವ ವಸ್ತುಗಳಲ್ಲಿ ಕೋಲು, ಗವಸು, ಫೋನು ಮೂರೂ ಒಂದರ ಹಿಂದೆ ಒಂದು ಬಿದ್ದಿದ್ದರೆ ಒಡೆಯನು ಯಾವ ವರ್ಗದವನೆಂದು ಊಹಿಸುವುದು ಕಷ್ಟವಲ್ಲ. ಒಂದೇ ಅಗಲವಾದ ಹಲಗೆಯ ಮೇಲೆ ಎರಡು ಕಾಲನ್ನೂ ಇಟ್ಟು ಜಾರುವ ಸ್ನೋಬೋರ್ಡಿನವರಿಗೆ ಕೋಲೇ ಇಲ್ಲ. ಈ ಪರದಾಟವನ್ನೆಲ್ಲ ಅವರು ಸನ್ಯಾಸಿಯು ಸಂಸಾರಿಯನ್ನು ನೋಡುವಂತೆ ನೋಡುತ್ತಾರೆ. ಇಳಿಯುವಾಗ ಒಂದು ಕಾಲು ಹಲಗೆಯಲ್ಲಿ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ಮಗ್ಗುಲಾಗುವ ತನಕ ಆ ವೈರಾಗ್ಯ ಉಳಿಯುತ್ತದೆ.

ಇಷ್ಟೆಲ್ಲ ನಗೆಗೆ ಆಸ್ಪದವಾದ ವಿಷಯ. ಮಣಿಕಟ್ಟಿನ ಪಟ್ಟಿಯ ವಿಷಯ ಹಾಗಲ್ಲ. ಪಟ್ಟಿ ಇರುವುದು, ಬಿದ್ದಾಗ ಕೋಲು ದೂರ ಹೋಗದಿರಲೆಂದು. ಅದೇ ಪಟ್ಟಿ ಕುರ್ಚಿಯಲ್ಲಿ ಶತ್ರುವಾಗುತ್ತದೆ. ಕೋಲಿನ ಬುಟ್ಟಿ ಕುರ್ಚಿಯ ಹಲಗೆಗಳ ಸಂದಿಗೋ ಸರಳಿಗೋ ಸಿಕ್ಕಿಕೊಂಡಿತೆನ್ನಿ. ಕೋಲು ಬರಿಯ ಕೈಯಲ್ಲಿದ್ದರೆ ಮನುಷ್ಯನು ಅದನ್ನು ಬಿಟ್ಟು ಇಳಿಯುತ್ತಾನೆ. ಕೋಲು ಹೋಯಿತು, ಮನುಷ್ಯ ಉಳಿದ. ಪಟ್ಟಿಯೊಳಗೆ ಮಣಿಕಟ್ಟು ಇದ್ದರೆ ಕುರ್ಚಿ ಹೋದತ್ತ ಕೋಲು, ಕೋಲು ಹೋದತ್ತ ಕೈ, ಕೈ ಹೋದತ್ತ ಮನುಷ್ಯ. ಮೇಲಿನ ನಿಲ್ದಾಣದಲ್ಲಿ ಇಳಿಯುವ ಜಾಗವನ್ನು ದಾಟಿದ ಕುರ್ಚಿ ದೊಡ್ಡ ಚಕ್ರವನ್ನು ಸುತ್ತಿ ಮತ್ತೆ ಕಣಿವೆಯ ಕಡೆಗೆ ಹೊರಡುತ್ತದೆ. ಇಳಿಯದೆ ಉಳಿದವರು ತಗುಲಿದೊಡನೆ ಯಂತ್ರವನ್ನು ನಿಲ್ಲಿಸುವ ತಡೆಯನ್ನು ಅಲ್ಲಿ ಇಟ್ಟಿರುತ್ತಾರೆ. ನೌಕರನೊಬ್ಬನು ಗುಂಡಿಯ ಪಕ್ಕದಲ್ಲಿಯೇ ಇರುತ್ತಾನೆ. ಆದರೂ ಭುಜದ ಕೀಲು ಜಾರುವುದಕ್ಕೆ ಒಂದು ಕ್ಷಣ ಸಾಕು. ಬೆನ್ನಚೀಲದ ಜೋಲುಪಟ್ಟಿಯಿಂದಲೂ ಇದೇ ಅಪಾಯ. ಆದುದರಿಂದಲೇ ತಿಳಿದವರು ಚೀಲವನ್ನು ಬೆನ್ನಿನಿಂದ ತೆಗೆದು ಮಡಿಲಿಗೆ ತಂದುಕೊಳ್ಳುತ್ತಾರೆ.

ಜಾರುವಾಗಲೂ ಪಟ್ಟಿಯ ಬಗ್ಗೆ ಭಿನ್ನಾಭಿಪ್ರಾಯವುಂಟು. ಬಿದ್ದಾಗ ಕೋಲು ಕೈಯಲ್ಲಿಯೇ ಉಳಿದು ಹೆಬ್ಬೆರಳಿನ ಬುಡದ ಸ್ನಾಯುಬಂಧ ಹರಿಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ ‘ಸ್ಕೀಗಾರನ ಹೆಬ್ಬೆರಳು’ ಎಂದು ಹೆಸರನ್ನೇ ಇಟ್ಟಿದ್ದಾರೆ. ಮರಗಳ ನಡುವೆ ಜಾರುವವರೂ ಹಿಮಪಾತದ ಭಯವಿರುವಲ್ಲಿ ಹೋಗುವವರೂ ಪಟ್ಟಿಯನ್ನು ತೊಡುವುದೇ ಇಲ್ಲ. ಬೇರೆಡೆ ತೊಡಬೇಕೋ ಬೇಡವೋ ಎಂದು ಅವರಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಕುರ್ಚಿಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಬೆಟ್ಟದ ಲಿಫ್ಟುಗಳಲ್ಲಿ ಇನ್ನೊಂದು ಪದ್ಧತಿಯುಂಟು. ನಮ್ಮ ಕಡೆಯ ತಾಯಂದಿರು ಕೇಳಿದರೆ ಎದೆಯೊಡೆದುಕೊಂಡಾರು. ಸ್ಕೀ ಕಲಿಸುವ ಶಾಲೆಯ ಗುರುವಿನ ಹಿಂದೆ ಆರೇಳು ವರ್ಷದ ಏಳೆಂಟು ಮಕ್ಕಳು ಬಾತುಕೋಳಿಯ ಮರಿಗಳಂತೆ ಬರುತ್ತಾರೆ. ಕುರ್ಚಿಯಲ್ಲಿ ಗುರುವಿನ ಜೊತೆಗೆ ಕೂರಬಹುದಾದವರು ಇಬ್ಬರೋ ಮೂವರೋ. ಉಳಿದ ಮಕ್ಕಳನ್ನು ಸಾಲಿನಲ್ಲಿರುವ ಅಪರಿಚಿತ ವಯಸ್ಕರಿಗೆ ಹಂಚುತ್ತಾರೆ. ‘ಈ ಮಗುವನ್ನು ಕರೆದೊಯ್ಯುತ್ತೀರಾ?’ ಎಂದು ಗುರು ಕೇಳುತ್ತಾನೆ; ‘ಆಗಲಿ’ ಎಂದು ಉತ್ತರ ಬರುತ್ತದೆ. ಹೆಸರಿಲ್ಲ, ಊರಿಲ್ಲ, ಮುಖವೂ ಇಲ್ಲ, ಏಕೆಂದರೆ ಎಲ್ಲರ ಮುಖವೂ ಕನ್ನಡಕ ಮತ್ತು ಉಣ್ಣೆಯೊಳಗೆ ಅಡಗಿರುತ್ತದೆ. ಬೆಟ್ಟದ ತುದಿ ಮುಟ್ಟುವ ತನಕ ಒಂದು ಮಗುವಿನ ಪ್ರಾಣ ಒಬ್ಬ ಅಪರಿಚಿತನ ಪಕ್ಕದಲ್ಲಿರುತ್ತದೆ.

ಮಗುವಿನ ಕೈಯಲ್ಲಿ ಸಾಮಾನ್ಯವಾಗಿ ಕೋಲಿರುವುದಿಲ್ಲ. ಎಳೆಯರಿಗೆ ಮೊದಮೊದಲು ಕೋಲಿಲ್ಲದೆಯೇ ಕಲಿಸುವುದು ರೂಢಿ. ಕೊಟ್ಟರೆ ಕತ್ತಿವರಸೆಗೆ ತೊಡಗುತ್ತಾರೆಂಬುದು ಒಂದು ಕಾರಣ, ಕಾಲಿನಿಂದ ಮಾಡಬೇಕಾದುದನ್ನು ಕೈಯಿಂದ ಮಾಡಲೆಳಸುತ್ತಾರೆಂಬುದು ಮತ್ತೊಂದು. ಕೋಲುಗಳಿರುವುದು ದೊಡ್ಡವನ ಕೈಯಲ್ಲಿ. ಅವನು ಬಲ್ಲವನಾಗಿದ್ದರೆ ಆ ಕ್ಷಣದಲ್ಲಿ ಅವನ ಮೊದಲ ಕೆಲಸ ನಗುವುದೂ ಅಲ್ಲ, ಹೆಸರು ಕೇಳುವುದೂ ಅಲ್ಲ. ಎರಡು ಕೋಲುಗಳನ್ನೂ ಮಗುವಿನ ಕಡೆಯಿಂದ ತೆಗೆದು ಆಚೆಯ ಕೈಗೆ ಬದಲಾಯಿಸುತ್ತಾನೆ. ತನ್ನೊಬ್ಬನಿಗಾಗಿ ಹತ್ತುವಾಗ ಅನುಸರಿಸುವ ಕ್ರಮವನ್ನು ಇಲ್ಲಿ ತಿರುಗಿಸಬೇಕು. ಕುರ್ಚಿಯ ಅಂಚನ್ನು ಹಿಡಿಯಲು ಅವನಿಗೆ ಕೈಯಿಲ್ಲದಂತಾಗುತ್ತದೆ. ತನ್ನ ಮೀನಖಂಡಕ್ಕೆ ಬೀಳುವ ಪೆಟ್ಟನ್ನು ಅವನು ಹಾಗೆಯೇ ತಾಳಿಕೊಳ್ಳಬೇಕು. ಮಗುವಿನ ಕಡೆಯ ಕೈ ಬರಿದಾಗಿರಬೇಕಾದುದೇ ಮುಖ್ಯ. ಕುರ್ಚಿಯ ಪೀಠವು ಮಗುವಿನ ಬೆನ್ನಿನ ನಡುವಿಗೆ ಬರುತ್ತದೆಯೇ ಹೊರತು ಮೊಣಕಾಲಿನ ಹಿಂದಕ್ಕಲ್ಲ. ಯಾರಾದರೂ ಎತ್ತಿ ಹಿಂದಕ್ಕೆ ಕೂರಿಸದಿದ್ದರೆ ಅದು ಅಂಚಿನಲ್ಲಿ ಕೂತು, ಅಲ್ಲಿಂದ ಜಾರುತ್ತದೆ. ಎತ್ತುವುದಕ್ಕೆ ಇರುವ ಸಮಯ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಕೈಯಲ್ಲಿ ಕೋಲಿದ್ದರೆ ಮಗುವಿನ ಅಂಗಿಯ ಬದಲು ಕೋಲಿನ ಹಿಡಿಯೇ ಬೆರಳಿಗೆ ಸಿಗುತ್ತದೆ.

ಮಗು ಬೆನ್ನಾನಿಸಿ ಕುಳಿತಿತು. ಅನಂತರದ ಕೆಲಸ ತಲೆಯ ಮೇಲಿರುವ ಅಡ್ಡಸರಳನ್ನು ಕೆಳಗಿಳಿಸುವುದು. ಸರಳಿನಿಂದ ಜೋಲುವ ಕಾಲುಮಣೆಯ ಮೇಲೆ ದೊಡ್ಡವರು ಹಲಗೆಗಳ ಭಾರವನ್ನು ಇಟ್ಟು ಆರಾಮವಾಗುತ್ತಾರೆ. ಮಗುವಿಗೆ ಅದು ಎಟುಕುವುದಿಲ್ಲ. ಎಟುಕಬೇಕೆಂದು ಅದು ಮುಂದಕ್ಕೆ ಜರುಗುತ್ತದೆ. ಬಲ್ಲವನು ತನ್ನ ಕೈಯನ್ನು ಮಗುವಿನ ಮುಂದೆ, ಮುಟ್ಟಿಯೂ ಮುಟ್ಟದ ಹಾಗೆ, ದಾರಿಯುದ್ದಕ್ಕೂ ಅಡ್ಡ ಹಿಡಿದಿರುತ್ತಾನೆ. ಆಚೆಯ ಕೈಯಲ್ಲಿರುವ ಕೋಲುಗಳು ತೊಡೆಯ ಕೆಳಕ್ಕೆ ಹೋಗುತ್ತವೆ. ಮಗು ಇದೊಂದನ್ನೂ ಗಮನಿಸುವುದಿಲ್ಲ. ತನ್ನ ಹಲ್ಲು ಬಿದ್ದದ್ದು, ಮನೆಯ ನಾಯಿಯ ಹೆಸರು, ನಿನ್ನೆ ತಾನು ಬಿದ್ದದ್ದು ಐದು ಸಲ ಮಾತ್ರವೆಂಬುದು, ಇವೆಲ್ಲ ಕಣಿವೆಯ ಮೇಲೆ ಕ್ರಮವಾಗಿ ವರದಿಯಾಗುತ್ತವೆ. ಹಿಂದಿನ ಕುರ್ಚಿಯಲ್ಲಿ ಕುಳಿತ ಗುರು ಮಾತ್ರ ಮುಂದಿನ ಕುರ್ಚಿಯ ಬೆನ್ನನ್ನೇ ನೋಡುತ್ತಿರುತ್ತಾನೆ. ಅಲ್ಲಿಂದ ಅವನಿಗೆ ಕಾಣುವುದು ಒಂದು ದೊಡ್ಡ ತಲೆ, ಒಂದು ಸಣ್ಣ ಶಿರಸ್ತ್ರಾಣ, ಅಪರಿಚಿತನ ಕೋಲುಗಳು ಯಾವ ಕಡೆ ಇವೆಯೆಂಬುದು. ಆ ಕೋಲುಗಳು ಹೊರಗಡೆ ಇದ್ದರೆ ಅವನು ಬೆಟ್ಟದ ಸೊಬಗನ್ನು ನೋಡಲು ತೊಡಗುತ್ತಾನೆ.

ಕೊನೆಯ ಗೋಪುರ ಬಂದಾಗ ‘ಹಲಗೆಯ ತುದಿ ಮೇಲಕ್ಕೆ’ ಎಂಬ ಫಲಕ ಕಾಣುತ್ತದೆ. ಅಡ್ಡಸರಳು ಮೇಲಕ್ಕೇರುತ್ತದೆ. ತೊಡೆಯ ಕೆಳಗಿದ್ದ ಕೋಲುಗಳು ಹೊರಬಂದು ಒಂದೇ ಕೈಯಲ್ಲಿ ಮೊನೆ ಮುಂದಾಗಿ ನಿಲ್ಲುತ್ತವೆ. ಇಲ್ಲಿ ಹೊಸಬರು ಮಾಡುವ ಪ್ರಮಾದ ಒಂದೇ. ಎದ್ದು ನಿಲ್ಲಲು ಕೋಲನ್ನು ನೆಲಕ್ಕೆ ಊರುವುದು. ಊರುಗೋಲೆಂದ ಮೇಲೆ ಊರಬೇಕೆಂದು ಮನಸ್ಸು ಹೇಳುತ್ತದೆ. ಆದರೆ ನೆಲ ನಿಂತಿದೆ, ಕುರ್ಚಿ ಓಡುತ್ತಿದೆ. ಊರಿದ ಕೋಲು ಹಿಂದೆ ಉಳಿದು, ಒಡೆಯನ ಎದೆಗೆ ಹಿಡಿಯಿಂದ ಗುದ್ದುತ್ತದೆ, ಇಲ್ಲವೆ ಕುರ್ಚಿಯ ಅಡಿಗೆ ಸಿಕ್ಕಿ ಬಾಗುತ್ತದೆ. ಅಲ್ಯೂಮಿನಿಯಂ ಕೋಲು ಒಮ್ಮೆ ಬಾಗಿದರೆ ಬಾಗಿದಂತೆಯೇ. ನೆಟ್ಟಗೆ ಮಾಡಹೊರಟವರ ಕೈಯಲ್ಲಿ ಅದು ಎರಡಾಗುವುದೇ ಹೆಚ್ಚು. ಒತ್ತಬೇಕಾದುದು ಬರಿಗೈಯಿಂದ, ಕುರ್ಚಿಯ ಅಂಚನ್ನು. ಮಗುವಿದ್ದರೆ ಅದೇ ಬರಿಗೈ ಅದರ ಬೆನ್ನಿಗೆ ಹೋಗಿ ಮೆಲ್ಲನೆ ಮುಂದಕ್ಕೆ ತಳ್ಳುತ್ತದೆ. ಮಗು ಜಾರಿ ತನ್ನ ಗುಂಪನ್ನು ಸೇರಿಕೊಳ್ಳುತ್ತದೆ, ಹಿಂದಿರುಗಿ ನೋಡುವುದಿಲ್ಲ. ಗುರು ಕೈಯೆತ್ತುತ್ತಾನೆ. ಅಪರಿಚಿತನು ಕೆಳಗಿನಿಂದ ಮೇಲಕ್ಕೆ ಕೈಯನ್ನು ಪಟ್ಟಿಯಲ್ಲಿ ತೂರಿಸಿ, ಹಿಡಿಯನ್ನು ಹಿಡಿದು, ತನ್ನ ದಾರಿಯನ್ನು ಹಿಡಿಯುತ್ತಾನೆ.

ಬಿದ್ದ ಕೋಲುಗಳ ಕಥೆ ಒಂದಿಷ್ಟು ಉಳಿಯಿತು. ಲಿಫ್ಟಿನ ಗೋಪುರಗಳಿಗೆ ಅಂಕೆಗಳಿರುತ್ತವೆ. ಕೋಲು ಬೀಳಿಸಿಕೊಂಡ ಜಾಣನು ಕೂಗಾಡದೆ ಹತ್ತಿರದ ಗೋಪುರದ ಅಂಕೆಯನ್ನು ನೋಡಿ ನೆನಪಿಟ್ಟುಕೊಳ್ಳುತ್ತಾನೆ. ಮೇಲೇರಿ, ಒಂದೇ ಕೋಲಿನಲ್ಲಿ ಜ್ಡಾರ್ಸ್ಕಿಯ ಶಿಷ್ಯನಂತೆ ಜಾರುತ್ತ ಆ ಜಾಗಕ್ಕೆ ಬರುತ್ತಾನೆ. ಬಹುಸಾರಿ ಅವನಿಗಿಂತ ಮೊದಲು ಬಂದ ಯಾರೋ ಪುಣ್ಯಾತ್ಮರು ಕೋಲನ್ನು ಹಿಮದಿಂದ ಎತ್ತಿ, ದೂರದಿಂದಲೂ ಕಾಣುವಂತೆ ಗೋಪುರದ ಬುಡದಲ್ಲಿ ನೆಟ್ಟು ಹೋಗಿರುತ್ತಾರೆ. ಕಡಿದಾದ ಬಂಡೆಗಳ ನಡುವೆ ಬಿದ್ದವು ಮಾತ್ರ ಯಾರಿಗೂ ದಕ್ಕದೆ, ಮೇಲೆ ಬಿದ್ದ ಹಿಮದಡಿಯಲ್ಲಿ ಚಳಿಗಾಲವನ್ನು ಕಳೆಯುತ್ತವೆ. ವಸಂತದಲ್ಲಿ ಹಿಮ ಕರಗಿದಾಗ ಹಗ್ಗದ ನೇರಕ್ಕೆ ಕೆಳಗೆ, ಒದ್ದೆ ಹುಲ್ಲಿನ ಮೇಲೆ, ಗವಸುಗಳೊಡನೆಯೂ ನಾಣ್ಯಗಳೊಡನೆಯೂ ಅವು ಕಾಣಿಸಿಕೊಳ್ಳುತ್ತವೆ. ಲಿಫ್ಟಿನ ನೌಕರರು ಅವನ್ನು ಆರಿಸಿ ತಂದು ತಮ್ಮ ಗುಡಿಸಲಿನ ಮೂಲೆಗೆ ಒರಗಿಸಿಡುತ್ತಾರೆ. ಎಲ್ಲವೂ ಒಂಟಿ ಕೋಲುಗಳೇ. ಮುಂದಿನ ಚಳಿಗಾಲದಲ್ಲಿ ಕೋಲು ಮರೆತು ಬಂದ ಯಾವನಿಗೋ ಆ ಮೂಲೆಯಿಂದ ಒಂದು ಕೆಂಪಿನದು, ಒಂದು ನೀಲಿಯದು ಸಿಗುತ್ತವೆ. ಒಂದು ಬೆರಳಗಲ ಹೆಚ್ಚು ಕಡಮೆಯಿದ್ದರೂ ದಿನ ಸಾಗುತ್ತದೆ.